ನಗುವವರು ಸ್ವಲ್ಪ ಕೇಳಿಸಿಕೊಳ್ಳಿ

ಹೋದ ವರ್ಷ ನಮ್ಮ ಶಾಲೆಯಲ್ಲಿ ಹಿರಿಯ ಮೇಷ್ಟ್ರೊಬ್ಬರ ಬೀಳ್ಕೊಡುಗೆ ಇತ್ತು. ಊಟ ಮುಗಿದು ಎಲೆ ಅಡಿಕೆ ತಟ್ಟೆ ತಿರುಗುತ್ತಿತ್ತು. ನಾವು ಐದಾರು ಜನ ಶಿಕ್ಷಕಿಯರು ಕಿಟಕಿಯ ಪಕ್ಕ ಕೂತು, ಯಾರು ತೆಗೆದರೋ ಏನೋ, 'ಮಾಯಾಮೃಗ'ದ ಮಾತಿಗೆ ಬಿದ್ದಿದ್ದೆವು. ಹೊಸದಾಗಿ ಬಂದಿರುವ ಕಿರಿಯ ಮೇಷ್ಟ್ರು ಆ ಕಡೆಯಿಂದ ಹಾದು ಹೋಗುತ್ತಾ, "ನಾಲ್ಕು ಜನ ಹೆಂಗಸರು ಸೇರಿದರೆ ನಡುವೆ ಒಂದು ಸೀರಿಯಲ್ ಇರಲೇಬೇಕು ನೋಡಿ. ಅದೂ ಇಪ್ಪತ್ತೈದು ವರ್ಷದ ಹಳಸಲು!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನನ್ನ ಆ ನಗು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಚುಚ್ಚತೊಡಗಿತು. ಯಾಕೆ ನಕ್ಕೆ? ನಗುವಂಥದ್ದು ಏನಿತ್ತು? ನಮ್ಮನ್ನು ನಗಿಸಿದ ಐದು ನಿಮಿಷಕ್ಕೆ ಅದೇ ಗಂಡಸರ ಗುಂಪಿನಲ್ಲಿ ಏನು ಮಾತು ನಡೆಯುತ್ತಿತ್ತು ಗೊತ್ತೇ? 1983ರ ವಿಶ್ವಕಪ್ಪು! ಕಪಿಲ್ ದೇವ್ ಹಿಂದಕ್ಕೆ ಓಡಿ ಹಿಡಿದ ಆ ಒಂದು ಕ್ಯಾಚು! ನಲವತ್ತು ವರ್ಷದ ಹಿಂದಿನ ಕ್ಯಾಚು ಹಳಸುವುದಿಲ್ಲ. ಇಪ್ಪತ್ತೈದು ವರ್ಷದ ಕಥೆ ಹಳಸುತ್ತದೆ.

ನಮ್ಮ ಚಿತ್ರದುರ್ಗದವರಿಗಂತೂ ಇನ್ನೊಂದು ಕಥೆ ಇದೆ. 1972ರಲ್ಲಿ ತೆರೆಗೆ ಬಂದ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಚಿತ್ರ, ನಮ್ಮ ಕೋಟೆಯಲ್ಲೇ ಶೂಟಿಂಗು. ಓಬವ್ವನಾಗಿ ಜಯಂತಿ ಒನಕೆ ಹಿಡಿದದ್ದು ಹೇಗೆ, ವಿಷ್ಣುವರ್ಧನ್ ಯಾವ ಬಂಡೆ ಹತ್ತಿದರು, ತಾನು ಚಡ್ಡಿ ಹಾಕಿಕೊಂಡು ಎಷ್ಟು ಹತ್ತಿರ ನಿಂತು ನೋಡಿದೆ ಎಂದು ಹೇಳುವ ಗಂಡಸರು ದುರ್ಗದ ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ. ಅಷ್ಟು ಜನ ನಿಜವಾಗಿ ನಿಂತಿದ್ದರೆ ಕ್ಯಾಮೆರಾ ಇಡಲು ಜಾಗ ಉಳಿಯುತ್ತಿರಲಿಲ್ಲ. ಅದಕ್ಕೆ ಯಾರೂ ನಗುವುದಿಲ್ಲ. ಅದು ಊರಿನ ಇತಿಹಾಸ. ನಮ್ಮದು ಮಾತ್ರ ಹರಟೆ.

ಇಲ್ಲೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ನಾನೂ ತಪ್ಪದೆ ಹೋಗುವವಳೇ. ನಾಟಕ ನೋಡಿ ಬಂದು ಪಾತ್ರ ಸರಿಯೋ ತಪ್ಪೋ ಎಂದು ಮಾತಾಡಿದರೆ ಅದನ್ನು ಸಂವಾದ ಅನ್ನುತ್ತಾರೆ. ಅದೇ ಹೆಂಗಸು ಮಾರನೆಯ ದಿನ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯವಳೊಂದಿಗೆ ಧಾರಾವಾಹಿಯ ಪಾತ್ರ ಸರಿಯೋ ತಪ್ಪೋ ಎಂದು ಮಾತಾಡಿದರೆ "ಕೆಲಸ ಇಲ್ಲದ ಮಾತು" ಅನ್ನುತ್ತಾರೆ. ಕೆಲಸ ಇಲ್ಲವೇ? ಕೈಯಲ್ಲಿ ಸೊಪ್ಪು ಸೋಸುತ್ತಲೇ ಅಲ್ಲವೇ ಆ ಮಾತು ನಡೆಯುವುದು?

1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ 'ಮಾಯಾಮೃಗ' ಬರುತ್ತಿದ್ದಾಗ ನಾನು ಹೊಳಲ್ಕೆರೆಯಲ್ಲಿ ಕೆಲಸಕ್ಕಿದ್ದೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ ಧಾರಾವಾಹಿ. ಸಂಜೆ ಶಾಲೆ ಬಿಟ್ಟು ದುರ್ಗದ ಬಸ್ಸು ಹಿಡಿಯುವಷ್ಟರಲ್ಲಿ ಕಂತು ತಪ್ಪಿ ಹೋಗುತ್ತಿತ್ತು. ಸಿಕ್ಕ ದಿನ ಕರೆಂಟು ಇರುತ್ತಿರಲಿಲ್ಲ. ಆಗೆಲ್ಲ ನಮ್ಮನ್ನು ಕಾಪಾಡಿದವಳು ಶಾಲೆಯ ಆಯಾ. ಅವಳ ಮನೆ ಶಾಲೆಯ ಹಿಂದೆಯೇ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬಾಗಿಲಿಗೆ ಒರಗಿ ನಿಂತು ಹಿಂದಿನ ದಿನದ ಕಂತನ್ನು ಹೇಳುವಳು. ಓದಿದ್ದು ನಾಲ್ಕನೆಯ ತರಗತಿ. ಆದರೆ ಯಾರು ಯಾವ ಮಾತನ್ನು ಯಾವ ಮುಖ ಮಾಡಿಕೊಂಡು ಆಡಿದರು ಎನ್ನುವುದು ಒಂದೂ ತಪ್ಪುತ್ತಿರಲಿಲ್ಲ. ಬರೀ ಕಥೆ ಹೇಳಿ ಸುಮ್ಮನಾಗುವವಳೂ ಅಲ್ಲ. "ಅವ ಹಂಗೆ ಅನ್ನಬಾರದಾಗಿತ್ತು ಮೇಡಂ. ಹೆತ್ತೋಳ ಮುಂದೆ ಹಂಗೆ ಅಂತಾರಾ?" ಎಂದು ತೀರ್ಪು ಕೊಡುವಳು. ವಿಜ್ಞಾನದ ಮೇಡಂ ಅದಕ್ಕೆ ಅಡ್ಡ ಮಾತಾಡುವರು. ಹೊಲಿಗೆ ಟೀಚರ್ ಇಬ್ಬರನ್ನೂ ಬಿಟ್ಟು ಮೂರನೆಯ ಪಾತ್ರದ ಪರ ನಿಲ್ಲುವರು. ಗಂಟೆ ಹೊಡೆಯುವವರೆಗೂ ವಾದ. ಗಂಡನ ಸಂಬಳ, ಅತ್ತೆಯ ಕಾಯಿಲೆ, ಮಗಳ ಓದು, ಹೇಳದೆ ಬಿಟ್ಟ ಪ್ರೀತಿ, ಎಲ್ಲವೂ ಆ ಅರ್ಧ ಗಂಟೆಯಲ್ಲಿ ಬಂದು ಹೋಗುತ್ತಿದ್ದವು. ಒಬ್ಬರೂ ಸ್ವಂತ ಮನೆಯ ಹೆಸರು ಎತ್ತುತ್ತಿರಲಿಲ್ಲ. ಎತ್ತದೆಯೇ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಈ ನಗು ಹೊಸದೂ ಅಲ್ಲ. ನಾನು ಹುಟ್ಟಿದ್ದು ಹಿರಿಯೂರಿನಲ್ಲಿ. ನನ್ನ ಅಮ್ಮ ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಳನ್ನು ಹರಿದು ಜೋಡಿಸಿ, ಹೊಲಿದು, ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರ ಕಾದಂಬರಿಗಳು ಓಣಿಯ ಹೆಂಗಸರ ಸೆರಗಿನಡಿ ಮನೆಯಿಂದ ಮನೆಗೆ ಹೋಗುತ್ತಿದ್ದವು. "ಕಾದಂಬರಿ ಓದಿ ಕೆಟ್ಟೋದ್ರು" ಎನ್ನುವುದು ನಮ್ಮ ಅಜ್ಜನ ಬಾಯಲ್ಲಿ ದಿನಕ್ಕೊಮ್ಮೆ ಬರುವ ಮಾತು. ಅಡಿಗೆಮನೆ ಸಾಹಿತ್ಯ ಎಂದು ಓದಿದವರೇ ಮೂಗು ಮುರಿದರು. ಇವತ್ತು ಅದೇ ತ್ರಿವೇಣಿಯವರ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧ ಬರೆಯುತ್ತಾರೆ. 'ಶರಪಂಜರ'ವನ್ನು ಅಮ್ಮ ಮತ್ತು ಅವಳ ಗೆಳತಿಯರು ಅತ್ತು, ಜಗಳಾಡಿ, ಮನಸ್ಸು ಕೆಟ್ಟ ಹೆಣ್ಣನ್ನು ಮನೆಯವರು ಹೇಗೆ ನೋಡಿಕೊಳ್ಳಬೇಕು ಎಂದು ಚರ್ಚಿಸಿದ್ದರು. ಪ್ರಬಂಧ ಬರೆದವರು ಆಮೇಲೆ ಬಂದರು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ನಾನೂ ಈ ನಗುವವರ ಪಂಕ್ತಿಯಲ್ಲೇ ಇದ್ದವಳು. ಬಿ.ಎ., ಬಿ.ಎಡ್. ಮಾಡಿಕೊಂಡೆ ಎಂಬ ಜಂಬವೂ ಇದ್ದಿರಬೇಕು. 2013ರಲ್ಲಿ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ ಪೋಷಕರ ಸಭೆಯಲ್ಲಿ ತಾಯಂದಿರನ್ನು ಎದುರಿಗೆ ಕೂರಿಸಿಕೊಂಡು ಬೈದಿದ್ದೇನೆ. "ಆ ಸೀರಿಯಲ್ ನೋಡಿ ಅಳೋದು ಬಿಡ್ರಮ್ಮ, ಮಕ್ಕಳ ಪುಸ್ತಕ ನೋಡ್ರಿ." ಅವರು ತಲೆ ತಗ್ಗಿಸಿಕೊಂಡು ಕೂತಿದ್ದರು.

ಅದೇ ವರ್ಷ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲ. ಕನ್ನಡದಲ್ಲಿ ತರಗತಿಗೇ ಮುಂದು. ವಿಚಾರಿಸಿದರೆ, ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ಮಾತು ನಡೆದಿದೆ ಎಂದರು. ನಾನು ಮನೆಗೆ ಹೋದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳಿದೆ. ಹದಿನೆಂಟು ತುಂಬದೆ ಮಾಡಿದರೆ ಜೈಲು ಅಂದೆ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೂ ಬಂದೆ. ಹುಡುಗಿಯ ಅಜ್ಜಿ ಕಾಫಿ ಕೊಟ್ಟಳು. "ನೀವು ಓದಿದೋರು ಟೀಚರಮ್ಮ. ನಮ್ಮ ಕಷ್ಟ ನಿಮಗೇನು ಗೊತ್ತೈತೆ? ಆಯ್ತು ಬಿಡ್ರಿ, ನೋಡಾಣ" ಎಂದು ಮರ್ಯಾದೆಯಿಂದ ಬಾಗಿಲವರೆಗೂ ಬಂದು ಕಳಿಸಿದಳು. ಅವಳ ಆ "ನೋಡಾಣ"ಕ್ಕೆ "ನೋಡೋದಿಲ್ಲ" ಎಂದೇ ಅರ್ಥ ಎಂದು ನನಗೂ ಗೊತ್ತಿತ್ತು.

ಆಗ ಸಂಜೆ ಹೊತ್ತು 'ಪುಟ್ಟಗೌರಿ ಮದುವೆ' ಬರುತ್ತಿತ್ತು. ಹಿಂದಿಯ 'ಬಾಲಿಕಾ ವಧು'ವಿನ ಕನ್ನಡ ರೂಪ. ಗೊಂಬೆ ಆಡುವ ವಯಸ್ಸಿನ ಹುಡುಗಿಯನ್ನು ಮದುವೆ ಮಾಡಿ ಕಳಿಸುವ ಕಥೆ. ಊರಿನ ಹೆಂಗಸರೆಲ್ಲ ಅದಕ್ಕೆ ಅಂಟಿಕೊಂಡಿದ್ದರು. ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಅಂಗನವಾಡಿಯ ಅಕ್ಕ. ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ಕೊಡ ಹಿಡಿದು ನಿಂತಾಗ ಹಿಂದಿನ ದಿನದ ಕಂತಿನ ಮಾತು ನಡೆದಿತ್ತಂತೆ. ಆ ಅಜ್ಜಿ, "ಪಾಪ, ಕೂಸು ಅದು, ಅದಕ್ಕೇನು ತಿಳಿತೈತೆ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳಂತೆ. ಎದುರು ಮನೆಯ ಸೊಸೆ, ಎಂದೂ ದೊಡ್ಡವರ ಮುಂದೆ ಬಾಯಿ ತೆರೆಯದವಳು, ಕೊಡ ಕೆಳಗಿಟ್ಟು, "ಟಿವಿ ಒಳಗಿನ ಗೌರಿಗೆ ಅಳ್ತೀಯಲ್ಲ ದೊಡ್ಡವ್ವ, ನಿನ್ನ ಮನೆಯಾಗೂ ಒಬ್ಬಳು ಗೌರಿ ಕುಂತವ್ಳೆ. ಅವಳಿಗೆ ಯಾರು ಅಳಬೇಕು?" ಅಂದಳಂತೆ.

ಯಾರೂ ಮಾತಾಡಲಿಲ್ಲ. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಯಾರೂ ನಲ್ಲಿ ತಿರುಗಿಸಲಿಲ್ಲ ಎಂದಳು ಅಂಗನವಾಡಿಯ ಅಕ್ಕ. ಆಮೇಲೆ ಒಂದು ವಾರ ಟ್ಯಾಂಕಿನ ಹತ್ತಿರ ಬರೀ ಗೌರಿಯದೇ ಮಾತು. ಗೌರಿಗೆ ಓದಲು ಬಿಡಬೇಕಿತ್ತು, ಗೌರಿಯ ಅಜ್ಜಿ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು, ಹೀಗೆ. ಹುಡುಗಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಕೊನೆಗೆ ಅಜ್ಜಿಯೇ ಮಗನನ್ನು ಕೂರಿಸಿಕೊಂಡು, "ಎಸ್ಸೆಸ್ಸೆಲ್ಸಿ ಆಗಲಿ ತಡಿಯಪ್ಪ" ಅಂದಳಂತೆ. ಸೋಮವಾರ ಹುಡುಗಿ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಮೊದಲನೆಯ ಸಾಲಿನಲ್ಲಿ ಕೂತಿದ್ದಳು.

ಇದನ್ನು ದೊಡ್ಡ ಗೆಲುವು ಎಂದು ನಾನು ಹೇಳುತ್ತಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಕಾಲೇಜಿಗೆ ಕಳಿಸಲಿಲ್ಲ. ಹದಿನೆಂಟು ತುಂಬಿದ ವರ್ಷವೇ ಮದುವೆ ಮಾಡಿದರು. ನಾನು ಬಯಸಿದ್ದು ಇದಲ್ಲ. ಆದರೆ ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವಿನ ನಾಲ್ಕು ವರ್ಷ ಎಷ್ಟು ದೊಡ್ಡದು ಎಂದು ಯಾವುದಾದರೂ ಹೆರಿಗೆ ವಾರ್ಡಿನ ನರ್ಸಮ್ಮನನ್ನು ಕೇಳಿ ನೋಡಿ. ಆ ನಾಲ್ಕು ವರ್ಷವನ್ನು ಅವಳಿಗೆ ಕೊಡಿಸಿದ್ದು ನನ್ನ ಕಾಯ್ದೆಯ ಪಾಠವಲ್ಲ. ನಾನು ಸಭೆಯಲ್ಲಿ ಬೈದಿದ್ದ ಅದೇ ಹೆಂಗಸರ ಸೀರಿಯಲ್ ಮಾತು.

ಯಾಕೆ ಹಾಗಾಯಿತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದೇ ಓಣಿಯಲ್ಲಿ ಬದುಕಬೇಕಾದವರು ಒಬ್ಬರ ಮನೆಯ ವಿಷಯವನ್ನು ಇನ್ನೊಬ್ಬರು ನೇರವಾಗಿ ಎತ್ತಿದರೆ ಜಗಳ ಗ್ಯಾರಂಟಿ. ನಾಳೆ ಸಾಲಕ್ಕೆ, ಸಕ್ಕರೆಗೆ, ಬಾಣಂತನಕ್ಕೆ ಅವರ ಬಾಗಿಲಿಗೇ ಹೋಗಬೇಕು. ಸೊಸೆಯಾದವಳು ಅತ್ತೆ ಸಮಾನರಿಗೆ "ನೀನು ತಪ್ಪು ಮಾಡುತ್ತಿದ್ದೀಯ" ಎನ್ನುವ ಹಾಗಿಲ್ಲ. ಗೌರಿಯ ಅಜ್ಜಿ ತಪ್ಪು ಮಾಡಿದಳು ಎನ್ನಬಹುದು. ಯಾರದೂ ಅಲ್ಲದ ಮನೆಯೊಂದು ಟಿವಿಯೊಳಗೆ ಇರುವುದರಿಂದಲೇ ಎಲ್ಲರ ಮನೆಯ ನ್ಯಾಯವನ್ನೂ ಅಲ್ಲಿ ಇಟ್ಟು ಬಿಡಿಸಬಹುದು. ಗಂಡಸರಿಗೆ ಪಂಚಾಯಿತಿ ಕಟ್ಟೆ ಇದೆ, ಅರಳಿಮರ ಇದೆ, ಹೋಟೆಲು ಇದೆ. ನಮಗಿರುವುದು ಇದು.

ಇನ್ನು ಧಾರಾವಾಹಿಗಳೆಲ್ಲ ಚಿನ್ನ ಎಂದು ನಾನು ವಾದಿಸುತ್ತಿದ್ದೇನೆ ಎಂದು ತಿಳಿಯಬೇಡಿ. ಮಲಗುವಾಗಲೂ ರೇಷ್ಮೆ ಸೀರೆ, ಹಾಲಿನ ಲೋಟದಲ್ಲಿ ವಿಷ, ಬಾಗಿಲ ಮರೆಯಲ್ಲಿ ನಿಂತು ಕೇಳುವ ನಾದಿನಿ. ಹೆಣ್ಣಿಗೆ ಹೆಣ್ಣೇ ಶತ್ರು ಎಂದು ದಿನಕ್ಕೆ ಅರ್ಧ ಗಂಟೆ ಪಾಠ. ನಮ್ಮ ಊರುಗಳಲ್ಲಿ ಹೆಂಗಸರ ದಿನದ ಅರ್ಧ ಭಾಗ ನೀರಿಗೇ ಹೋಗುತ್ತದೆ; ಧಾರಾವಾಹಿಯ ಮನೆಯಲ್ಲಿ ನಲ್ಲಿಗೆ ನೀರು ಬರದ ಒಂದು ದಿನವನ್ನು ನಾನು ನೋಡಿದ ನೆನಪಿಲ್ಲ. ಎಳೆಯುವುದಂತೂ ಕೇಳಬೇಡಿ. ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರವರೆಗೆ 89 ವರ್ಷ ಕಾಯಿಸಿತು. ಹಾಗೆ ಕಾದ ಜಿಲ್ಲೆಯವರಿಗೂ ಈ ಧಾರಾವಾಹಿಗಳ ತಾಳಿ ಕಟ್ಟುವ ಕಂತಿಗೆ ಕಾಯುವ ತಾಳ್ಮೆ ಇಲ್ಲ.

ಆದರೆ ಇದನ್ನೆಲ್ಲ ಮೊದಲು ಹೇಳಿದವರು ಯಾರು? ನಗುವವರಲ್ಲ, ನೋಡುವವರು. ಬಾಲ್ಯವಿವಾಹದ ಕಥೆಯೆಂದು ಶುರುವಾದ 'ಪುಟ್ಟಗೌರಿ' ಮುಂದೆ ಕಾಡು, ಹುಲಿ ಎಂದು ಎಲ್ಲೆಲ್ಲೋ ಅಲೆದಾಗ ಮೊದಲು ಸಿಟ್ಟಾದವರು ಅದೇ ನೀರಿನ ಟ್ಯಾಂಕಿನ ಹೆಂಗಸರು. "ಆ ಕೂಸಿನ ಕಥೆ ಏನು ಮಾಡಿದ್ರಿ?" ಎಂದು ಅವರು ಕೇಳಿದರು. ಕೇಳಲು ಅವರಿಗೆ ಹಳೆಯ ಕಂತು ನೆನಪಿರಬೇಕಿತ್ತು. ನೆನಪಿತ್ತು. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿ ಮಾಡಿದಾಗ, ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಕೂತು ಬರೆಯುವುದನ್ನು, ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುವುದನ್ನು ನಾವು ನೋಡಿದ್ದೇವೆ. ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ'ಯನ್ನು ನೋಡಿದ್ದೇವೆ. ಅವನ್ನು ನೆನಪಿಟ್ಟುಕೊಂಡವಳಿಗೆ ಇವತ್ತಿನ ರೇಷ್ಮೆ ಸೀರೆಯ ಸೊಸೆಯನ್ನು ತೋರಿಸಿ "ಇದೇ ಹೆಣ್ಣಿನ ಬದುಕು" ಎಂದರೆ ನಂಬುತ್ತಾಳೆಯೇ? ಹಳೆಯ ಕಂತುಗಳ ಮಾತನ್ನು ಹಳಸಲು ಅನ್ನುವವರಿಗೆ ಈ ಲೆಕ್ಕ ಗೊತ್ತಿಲ್ಲ.

ಚಾನೆಲ್ಲಿನವರಿಗೆ ಗೊತ್ತಿರುವ ಲೆಕ್ಕ ಬೇರೆ. ಆಯ್ದ ಕೆಲವು ಮನೆಗಳ ಟಿವಿಗೆ ಮೀಟರು ಜೋಡಿಸಿ ವಾರವಾರ ಟಿಆರ್‌ಪಿ ತೆಗೆಯುತ್ತಾರೆ. ಟಿವಿ ಹಾಕಿದ್ದೆವೋ ಇಲ್ಲವೋ ಎನ್ನುವುದು ಮೀಟರಿಗೆ ತಿಳಿಯುತ್ತದೆ. ನೋಡುತ್ತಾ ನಾವು ಏನು ಬೈದೆವು ಎನ್ನುವುದು ತಿಳಿಯುವುದಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಸೋಪಿನ ಕಂಪನಿಗಳು ರೇಡಿಯೋದಲ್ಲಿ ಇಂಥ ಕಥೆಗಳನ್ನು ಹಾಕಿಸಿದ್ದೇ ಗೃಹಿಣಿಯರಿಗೆ ಸೋಪು ಮಾರಲು. ಅದಕ್ಕೇ ಇವಕ್ಕೆ 'ಸೋಪ್ ಒಪೆರಾ' ಎಂದು ಹೆಸರು ಬಂತು. ಇವತ್ತೂ ಕಂತಿನ ನಡುವೆ ಬರುವುದು ಬಟ್ಟೆ ಒಗೆಯುವ ಪುಡಿಯೇ. ಪುಡಿ ಕೊಳ್ಳುವವಳು ನಾನು ಎಂದು ಅವರಿಗೆ ಗೊತ್ತು. ಯೋಚಿಸುವವಳೂ ನಾನೇ ಎಂದು ಅವರಿಗೆ ಯಾರು ಹೇಳಬೇಕು? 'ಮುಕ್ತ ಮುಕ್ತ' ನಡೆಯುತ್ತಿದ್ದ ಕಾಲದಲ್ಲಿ ಸೀತಾರಾಂ ಅವರು ನೋಡುಗರನ್ನು ಸೇರಿಸಿ ಸಂವಾದ ನಡೆಸಿದ್ದುಂಟು. ಅಂಥದ್ದು ಮತ್ತೆ ಯಾಕೆ ಆಗಬಾರದು? ಅದನ್ನು ಬೆಂಗಳೂರಿನಲ್ಲಿ ಮಾತ್ರವಲ್ಲ, ಹೊಳಲ್ಕೆರೆಯಲ್ಲಿ, ಹೊಸದುರ್ಗದಲ್ಲಿ ಬಂದು ಮಾಡಲಿ. ನಮ್ಮ ಆಯಾನಂಥವರು ಎದ್ದು ನಿಂತರೆ ಕಥೆ ಬರೆಯುವವರು ಬೆವರಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 'ಕೊರೊನೇಷನ್ ಸ್ಟ್ರೀಟ್' ಎಂಬ ಧಾರಾವಾಹಿ 1960ರ ಡಿಸೆಂಬರಿನಲ್ಲಿ ಶುರುವಾಗಿ ಇನ್ನೂ ನಡೆಯುತ್ತಿದೆ. ಒಂದು ಬೀದಿಯ ಸಾಧಾರಣ ಜನರ ಕಥೆ. ಅಜ್ಜಿ ನೋಡಿದ ಕಂತನ್ನು ಮೊಮ್ಮಗಳು ಹುಡುಕಿ ನೋಡುತ್ತಾಳೆ. ನಮ್ಮಲ್ಲಿ 'ಮಾಯಾಮೃಗ' ಬರುತ್ತಿದ್ದ 1998ರಲ್ಲೇ ಅಲ್ಲಿ ಡೀಡ್ರಿ ಎಂಬ ಪಾತ್ರ ಬೇರೆಯವನು ಮಾಡಿದ ಮೋಸಕ್ಕೆ ಜೈಲಿಗೆ ಹೋದಳು. ದೇಶವೇ "ಅವಳನ್ನು ಬಿಡಿ" ಎಂದು ಎದ್ದಿತು. ಪತ್ರಿಕೆಗಳು ಚಳವಳಿ ಹೂಡಿದವು. ಪ್ರಧಾನಿ ಟೋನಿ ಬ್ಲೇರ್ ಕೂಡ ಅವಳ ಪರ ಮಾತಾಡಿದರು. ತಮಾಷೆಗೇ ಇರಬಹುದು. ಆದರೂ ಒಂದು ಕಥೆಯ ಹೆಣ್ಣಿಗೆ ಆದ ಅನ್ಯಾಯವನ್ನು ದೇಶದ ಪ್ರಧಾನಿ ಬಾಯಿಬಿಟ್ಟು ಅನ್ಯಾಯ ಎನ್ನುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಅಷ್ಟೂ ಆಗುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಶೂಟಿಂಗು ನಿಂತು ಚಾನೆಲ್ಲುಗಳು ಹಳೆಯ ಕಂತುಗಳನ್ನೇ ಹಾಕಿದವು. ದೂರದರ್ಶನದಲ್ಲಿ 1987ರ 'ರಾಮಾಯಣ' ಮತ್ತೆ ಬಂತು. ಆಗ ಅದನ್ನು ನೋಡಲು ಗಂಡಸರೂ ಕೂತರು; ಅದೂ ಸೀರಿಯಲ್ಲೇ ಎಂದು ಯಾರೂ ನೆನಪಿಸಲಿಲ್ಲ. ಯೂಟ್ಯೂಬಿನಲ್ಲಿ 'ಮಾಯಾಮೃಗ'ದ ಹಳೆಯ ಕಂತುಗಳು ಸಿಕ್ಕಿದ್ದರಿಂದ ಹೊಳಲ್ಕೆರೆಯ ನಮ್ಮ ಹಳೆಯ ಗುಂಪು ಫೋನಿನಲ್ಲಿ ಮತ್ತೆ ಸೇರಿತು. ಆಯಾನೂ ಇದ್ದಳು, ಮೊಮ್ಮಗನ ಫೋನಿನಲ್ಲಿ. ಮೂವತ್ತರ ವಯಸ್ಸಿನಲ್ಲಿ ನಾನು ಮಗಳ ಪಾತ್ರದವರ ಪರ ಕಿತ್ತಾಡುತ್ತಿದ್ದೆ. ಈಗ ನನ್ನ ಕಣ್ಣೆಲ್ಲ ಸುಮ್ಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವ ತಾಯಂದಿರ ಮೇಲೆ. "ನೀವು ಆಗ ಹಿಂಗೆ ಅಂದಿರಲಿಲ್ಲ ಮೇಡಂ" ಎಂದು ಆಯಾ ನೆನಪಿಸಿದಳು. ನಿಜ. ನಡುವೆ ನನ್ನ ಅಮ್ಮ ಹೋಗಿದ್ದಳು, ನನ್ನ ಮಗಳು ಬೆಳೆದು ದೂರ ಹೋಗಿದ್ದಳು. ಅದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಆಯಾಗೆ ಹೇಳದೆಯೇ ತಿಳಿಯಿತು.

ಮಕ್ಕಳ ಪರೀಕ್ಷೆ ಹೊತ್ತಿನಲ್ಲಿ ಟಿವಿ ಆರಿಸಿ ಎಂದು ಇವತ್ತೂ ಹೇಳುತ್ತೇನೆ. ಅದು ಟೀಚರಾಗಿ ನನ್ನ ಕೆಲಸ. ಆದರೆ ನೋಡಿದ್ದನ್ನು ಮಾತಾಡಬೇಡಿ ಎಂದು ಇನ್ನು ಯಾವ ತಾಯಿಗೂ ಹೇಳಲಾರೆ. ಈಗ ಸಭೆಯಲ್ಲಿ ಅವರನ್ನೇ ಕೇಳುತ್ತೇನೆ, "ನಿನ್ನೆ ಕಥೆ ಎಲ್ಲಿಗೆ ಬಂತು? ಅವಳು ಮಾಡಿದ್ದು ಸರಿನಾ?" ಮೊದಲು ನಗುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ. ಯಾವ ಮನೆಯಲ್ಲಿ ಯಾವ ಮಗು ಯಾಕೆ ಓದುತ್ತಿಲ್ಲ ಎಂದು ಹಾಜರಿ ಪುಸ್ತಕದಿಂದ ತಿಳಿಯದ್ದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಅಕ್ಕಂದಿರೇ, ತಂಗಿಯರೇ, ಮುಂದಿನ ಸಲ ಯಾರಾದರೂ ನಿಮ್ಮ ಸೀರಿಯಲ್ ಮಾತಿಗೆ ನಕ್ಕರೆ ನನ್ನಂತೆ ಜೊತೆಗೂಡಿ ನಗಬೇಡಿ. ಒಂದು ಕುರ್ಚಿ ಎಳೆದು ಹಾಕಿ. ಬೀಳ್ಕೊಡುಗೆಯ ಮಾರನೆಯ ದಿನ ನಾನು ಆ ಕಿರಿಯ ಮೇಷ್ಟ್ರಿಗೆ ಅದನ್ನೇ ಮಾಡಿದೆ. "ಬನ್ನಿ ಸರ್, ಕೂತ್ಕೊಳ್ಳಿ. ಕಥೆ ನಾವು ಹೇಳ್ತೀವಿ, ಯಾರು ಸರಿ ಅಂತ ನೀವು ಹೇಳಿ" ಅಂದೆ. ಸಂಕೋಚದಿಂದ ಕೂತರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮೇಡಂ, ಅಣ್ಣ ಆದವನು ಅಷ್ಟೊತ್ತಿಗೆ ಮನೆ ಜವಾಬ್ದಾರಿ ತಗೋಬೇಕಿತ್ತಲ್ವಾ? ನಮ್ಮ ಮನೇಲಿ..." ಎಂದು ಶುರು ಮಾಡಿದವರು ತಟ್ಟನೆ ನಿಲ್ಲಿಸಿದರು.

ನಾವು ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.